ಒಂದು ಜೆರಾಕ್ಸ್ ಅಂಗಡಿಯ ಮೂರು ಕಂಪ್ಯೂಟರ್‌ಗಳು: 1.38 ಲಕ್ಷದ ಕೊಟೇಶನ್ 28 ಸಾವಿರಕ್ಕೆ ಇಳಿದ ಪ್ರಕರಣ

ಮಲೆನಾಡಿನ ಅಂಚಿನಲ್ಲಿರುವ ಒಂದು ತಾಲ್ಲೂಕು ಊರು. ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ಒಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಗಂಡ ಹೆಂಡತಿ ಇಬ್ಬರೂ ಸೇರಿ ಹದಿನಾಲ್ಕು ವರ್ಷದಿಂದ ನಡೆಸುತ್ತಿದ್ದಾರೆ. ಟೈಪಿಂಗ್ ಪೂರ್ತಿ ಹೆಂಡತಿಯದು. ಅವರನ್ನು ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ, ನಾನು ಕರೆಯುವುದೂ ಹಾಗೇ. ಗಂಡ ಜೆರಾಕ್ಸ್, ಲ್ಯಾಮಿನೇಶನ್, ಮದುವೆ ಕಾರ್ಡ್ ನೋಡಿಕೊಳ್ಳುತ್ತಾರೆ. ಅವರು ಭಾವ. ಗುರುತು ಸಿಗಬಾರದೆಂದು ಊರಿನ ಹೆಸರು ಹೇಳುತ್ತಿಲ್ಲ.

ನಾನು ಕಂಪ್ಯೂಟರ್ ರಿಪೇರಿ ಕೆಲಸದವನು. ಈ ಪ್ರಕರಣವನ್ನು ಬರೆದಿಡಲು ಒಂದೇ ಕಾರಣ. ಇಂಥ ಅಂಗಡಿಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. 2025ರಲ್ಲಿ ಅವೆಲ್ಲಕ್ಕೂ ಒಂದೇ ಪ್ರಶ್ನೆ ಎದುರಾಯಿತು. ಹಳೇ ಮಷಿನ್ ಬಿಸಾಕಿ ಹೊಸದು ತಗೊಳ್ಳಬೇಕಾ, ಇದ್ದದ್ದರಲ್ಲೇ ನಡೆಸಬಹುದಾ?

ಇದ್ದದ್ದು ಏನು

ಅಂಗಡಿಯಲ್ಲಿ ಮೂರು ಕಂಪ್ಯೂಟರ್ ಇದ್ದವು. ಮೂರೂ ಅಸೆಂಬಲ್ ಮಾಡಿಸಿದವು.

ಕೌಂಟರ್ ಪಕ್ಕದ್ದು ಆನ್‌ಲೈನ್ ಕೆಲಸಕ್ಕೆ. ಸೇವಾ ಸಿಂಧು ಅರ್ಜಿ, ಪಹಣಿ, ವಿದ್ಯಾರ್ಥಿವೇತನ, ಬೆರಳಚ್ಚು ಕೊಟ್ಟು ಮಾಡುವ ಆಧಾರ್ ಸಂಬಂಧದ ಕೆಲಸ. ಮಧ್ಯದ್ದು ಅಕ್ಕನ ಟೈಪಿಂಗ್ ಮಷಿನ್. ಈ ಎರಡರಲ್ಲೂ ಇದ್ದದ್ದು ನಾಲ್ಕನೇ ಪೀಳಿಗೆಯ ಇಂಟೆಲ್ ಐ3, 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್, ವಿಂಡೋಸ್ 10. ಗೋಡೆ ಬದಿಯ ಮೂರನೆಯದು ಇನ್ನೂ ಹಳೆಯದು. ವಿಂಡೋಸ್ 7, ಅದರಲ್ಲಿ ಪುಟ ವಿನ್ಯಾಸದ ಪೇಜ್‌ಮೇಕರ್ 7 ಮತ್ತು ಕನ್ನಡ ಟೈಪಿಂಗ್‌ನ ಹಳೇ ನುಡಿ ತಂತ್ರಾಂಶ. ಮದುವೆ ಕಾರ್ಡ್, ತಿಥಿ ಕಾರ್ಡ್, ದೇವಸ್ಥಾನದ ಕರಪತ್ರ ಎಲ್ಲಾ ಅದರಲ್ಲೇ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದೇ ಕೊನೆಯ ಆವೃತ್ತಿ. ಆದರೂ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಅದು ಇವತ್ತಿಗೂ ಅನ್ನ ಹಾಕುತ್ತಿದೆ.

ಆಗಸ್ಟ್‌ನಲ್ಲಿ ಭಾವ ಫೋನ್ ಮಾಡಿದರು. ವಿಂಡೋಸ್ 10ಕ್ಕೆ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲುತ್ತದೆ ಎಂಬ ಸೂಚನೆ ಪರದೆ ಮೇಲೆ ಬರುತ್ತಿತ್ತು. ಜಿಲ್ಲಾ ಕೇಂದ್ರದ ಒಬ್ಬ ಮಾರಾಟಗಾರರು ಬಂದು ನೋಡಿ, ಮೂರೂ ಹೊಸದೇ ಬೇಕು ಎಂದು ಕೊಟೇಶನ್ ಬರೆದುಕೊಟ್ಟಿದ್ದರು. ಒಂದಕ್ಕೆ 46,000 ರೂಪಾಯಿ. ಮೂರಕ್ಕೆ 1,38,000. ಭಾವ ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕುವ ತಯಾರಿಯಲ್ಲಿದ್ದರು.

"ಅರ್ಜಿ ಹಾಕೋ ಮೊದಲು ನೀನೊಮ್ಮೆ ನೋಡಿ ಹೋಗು" ಎಂದರು.

ಸಮಸ್ಯೆ ಯಾವುದು ಅನ್ನುವುದೇ ಸಮಸ್ಯೆ

ಹೋಗಿ ಕೂತು ನೋಡಿದೆ. ಒಂದಲ್ಲ, ಮೂರು ಬೇರೆ ಬೇರೆ ತೊಂದರೆಗಳು ಒಂದರ ಮೇಲೊಂದು ಕೂತಿದ್ದವು. ಅಂಗಡಿಯವರಿಗೆ ಮೂರೂ ಸೇರಿ "ಕಂಪ್ಯೂಟರ್ ಹಳೇದಾಯ್ತು" ಎಂದು ಕಾಣುತ್ತಿತ್ತು.

ಮೊದಲನೆಯದು ನಿಧಾನ. ಬೆಳಿಗ್ಗೆ ಸ್ವಿಚ್ ಒತ್ತಿ, ದೀಪ ಹಚ್ಚಿ, ಊದಿನಕಡ್ಡಿ ಬೆಳಗಿ ಬಂದರೂ ಪರದೆ ಮೇಲೆ ಉಂಗುರ ತಿರುಗುತ್ತಿರುತ್ತಿತ್ತು. ಗಡಿಯಾರ ಹಿಡಿದು ನೋಡಿದೆ. ಬ್ರೌಸರ್ ತೆರೆದು ಕೆಲಸ ಶುರುವಾಗಲು ನಾಲ್ಕೂವರೆ ನಿಮಿಷ. ಪ್ರೊಸೆಸರ್‌ನ ಕಡೆ ನೋಡಿದರೆ ಅದು ಬಹುತೇಕ ಸುಮ್ನೆ ಕೂತಿದೆ. ಹಾರ್ಡ್ ಡಿಸ್ಕ್ ಮಾತ್ರ ನೂರಕ್ಕೆ ನೂರು ದುಡಿಯುತ್ತಿದೆ. ಅಂದರೆ ನಿಧಾನಕ್ಕೆ ಮುಖ್ಯ ಕಾರಣ ಡಿಸ್ಕ್, ಆಮೇಲೆ ಕಡಿಮೆ ರ‍್ಯಾಮ್.

ಎರಡನೆಯದು ಬೆಂಬಲದ ದಿನಾಂಕ. ಅದು ದಾಟಿದರೆ ಭದ್ರತಾ ಅಪ್‌ಡೇಟ್ ಬರುವುದಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ಅದರ ನಂತರದ್ದು ಬೇಕು. ಇವರ ನಾಲ್ಕನೇ ಪೀಳಿಗೆಗೆ ಆ ಬಾಗಿಲು ಮುಚ್ಚಿತ್ತು.

ಮೂರನೆಯದನ್ನು ಯಾರೂ ಹೇಳಿರಲಿಲ್ಲ. ಎರಡೂ ಮಷಿನ್‌ಗಳ ವಿಂಡೋಸ್ ಅಸಲಿ ಅಲ್ಲ. ಅಸೆಂಬಲ್ ಮಾಡಿಕೊಟ್ಟವರು ಕಳ್ಳ ಆ್ಯಕ್ಟಿವೇಟರ್ ಓಡಿಸಿ ಹೋಗಿದ್ದರು. ಅದು ಓಡಬೇಕಾದರೆ ಆಂಟಿವೈರಸ್ ಆಫ್ ಇರಬೇಕು. ಹಾಗಾಗಿ ಎಷ್ಟೋ ವರ್ಷದಿಂದ ಆಫ್ ಇತ್ತು. ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಫೋಟೋ ಎಲ್ಲಾ ಅದೇ ಡೆಸ್ಕ್‌ಟಾಪ್ ಮೇಲೆ. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಇದು. ಒಂದು ಸಣ್ಣ ಊರಿನ ಅರ್ಧ ಜನರ ದಾಖಲೆ ಬಾಗಿಲಿಲ್ಲದ ಮನೆಯಲ್ಲಿ ಇಟ್ಟ ಹಾಗೆ.

ಇದನ್ನು ಹೇಳಿದಾಗ ಅಕ್ಕನ ಮುಖ ಸಣ್ಣದಾಯಿತು. "ನಾವು ದುಡ್ಡು ಕೊಟ್ಟೇ ಹಾಕಿಸಿದ್ದಲ್ವಾ?" ಎಂದರು. ಹೌದು, ಕೊಟ್ಟಿದ್ದರು. ಆದರೆ ಆ ದುಡ್ಡು ಲೈಸೆನ್ಸಿಗೆ ಹೋಗಿರಲಿಲ್ಲ.

ಎದುರಿಗಿದ್ದ ದಾರಿಗಳು

ವಿಂಡೋಸ್ 10ಕ್ಕೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆಯನ್ನು ಮೈಕ್ರೋಸಾಫ್ಟ್ ಮನೆ ಬಳಕೆದಾರರಿಗೆ ಕೊಟ್ಟಿತ್ತು. ಮನೆಯ ಅಸಲಿ ವಿಂಡೋಸ್‌ಗೆ ಅದು ಒಳ್ಳೆಯ ದಾರಿಯೇ. ಇಲ್ಲಿ ಅಡಿಪಾಯವೇ ಕಳ್ಳಮಾಲು, ಅದರ ಮೇಲೆ ಅಂಗಡಿ ಬೇರೆ. ಹಾಗಾಗಿ ಬಿಟ್ಟೆವು.

ತಪಾಸಣೆ ತಪ್ಪಿಸಿ ಹಳೇ ಮಷಿನ್‌ಗೇ ವಿಂಡೋಸ್ 11 ಹಾಕುವ ಉಪಾಯವೂ ಇದೆ. ಎಷ್ಟೋ ಕಡೆ ಹಾಕಿದ್ದಾರೆ, ಓಡುತ್ತಿದೆ. ಆದರೆ ಅಂಥ ಮಷಿನ್‌ಗೆ ಅಪ್‌ಡೇಟ್ ಸಿಗುತ್ತದೆಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಇನ್ನೊಬ್ಬರ ದಾಖಲೆ ಇಟ್ಟುಕೊಳ್ಳುವ ಅಂಗಡಿಗೆ ಆ ಉಪಾಯ ಹೇಳಲು ನನಗೆ ಮನಸ್ಸು ಬರಲಿಲ್ಲ.

ಅವರ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಆಪಲ್‌ನ ಮ್ಯಾಕ್ ಮಿನಿ ಹೇಳಿದ. ಎಂ4 ಚಿಪ್‌ನ ಮ್ಯಾಕ್ ಮಿನಿ 2024ರ ನವೆಂಬರ್‌ನಲ್ಲಿ 59,900 ರೂಪಾಯಿಗೆ ಬಂತು. ಆ ಬೆಲೆಗೆ ಅದು ನಿಜಕ್ಕೂ ಗಟ್ಟಿ ಮಷಿನ್. ಆದರೆ ಈ ಅಂಗಡಿಯ ಬೆರಳಚ್ಚು ಸಾಧನ ಅದರಲ್ಲಿ ಓಡುವುದಿಲ್ಲ, ಪೇಜ್‌ಮೇಕರ್ ಓಡುವುದಿಲ್ಲ. ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ಎರಡು. ಹೊಸ ಮಷಿನ್‌ಗಳು, ಇಲ್ಲವೇ ಹಳೆಯವಕ್ಕೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಜಾಗಕ್ಕೆ ಬರುವ ವೇಗದ ಡಿಸ್ಕ್) ಹಾಕಿ, ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ. ನಾನು ಲಿನಕ್ಸ್ ಮಿಂಟ್ ಆರಿಸಿದೆ. ಆವೃತ್ತಿ 22, 2024ರಲ್ಲಿ ಬಂದದ್ದು, 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ. ಕೆಳಗೆ ಮೆನು, ಬಲಕ್ಕೆ ಗಡಿಯಾರ. ವಿಂಡೋಸ್ ಬಳಸಿದವರಿಗೆ ಕೈ ತಪ್ಪುವುದಿಲ್ಲ. ದುಡ್ಡು ಕೊಡಬೇಕಿಲ್ಲ.

ಮೊದಲ ಪ್ರಯತ್ನ, ಮೊದಲ ಸೋಮವಾರ

ಒಂದು ಭಾನುವಾರ ಎರಡು ಎಸ್‌ಎಸ್‌ಡಿ, ಎರಡು ರ‍್ಯಾಮ್ ತುಂಡು ಹಿಡಿದು ಹೋದೆ. ಕೌಂಟರ್ ಮಷಿನ್ ಮತ್ತು ಟೈಪಿಂಗ್ ಮಷಿನ್ ಎರಡಕ್ಕೂ ಹಾಕಿದೆ. ಹಳೇ ಹಾರ್ಡ್ ಡಿಸ್ಕ್‌ಗಳನ್ನು ಮುಟ್ಟಲಿಲ್ಲ. ಬಿಚ್ಚಿ, ಯಾವುದು ಯಾವುದೆಂದು ಚೀಟಿ ಅಂಟಿಸಿ, ಡ್ರಾಯರ್‌ನಲ್ಲಿ ಇಟ್ಟೆ. ಸಂಜೆಗೆ ಎರಡೂ ಅರ್ಧ ನಿಮಿಷದೊಳಗೆ ತೆರೆದುಕೊಳ್ಳುತ್ತಿದ್ದವು. ಭಾವನಿಗೆ ಖುಷಿ. ನಾನೂ ಸಮಾಧಾನದಲ್ಲಿ ಮನೆಗೆ ಹೋದೆ.

ಸೋಮವಾರ ನಮ್ಮ ಊರಿನ ಸಂತೆ. ಹತ್ತು ಗಂಟೆಗೆ ಅಕ್ಕನ ಫೋನ್ ಬಂತು. "ತಮ್ಮಾ, ಕಂಪ್ಯೂಟರ್ ಓಡ್ತಾ ಇದೆ. ಅಂಗಡಿ ನಿಂತಿದೆ."

ಹೋಗಿ ನೋಡಿದರೆ ಬಾಗಿಲ ತುಂಬಾ ಜನ. ಬೆರಳಚ್ಚು ಸಾಧನದ ಕೆಂಪು ದೀಪ ಹತ್ತುತ್ತಿಲ್ಲ. ಆ ಸಾಧನಕ್ಕೆ ತಯಾರಕರೇ ಕೊಡುವ ಸೇವಾ ತಂತ್ರಾಂಶ ಬೇಕು. ಅಂಗಡಿಯಲ್ಲಿದ್ದ ಮಾದರಿಗೆ ಅದು ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಮಾತ್ರ ಇತ್ತು. ಪ್ರಿಂಟರ್‌ನಿಂದ ಖಾಲಿ ಹಾಳೆ. ಅದು ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಸಣ್ಣ ಲೇಸರ್ ಪ್ರಿಂಟರ್. ಇಂಥವಕ್ಕೆ ಸ್ವಂತ ಬುದ್ಧಿ ಕಡಿಮೆ. ಪುಟವನ್ನು ಚುಕ್ಕಿ ಚುಕ್ಕಿಯಾಗಿ ಸಿದ್ಧ ಮಾಡಿ ಕೊಡುವುದು ಕಂಪ್ಯೂಟರ್‌ನಲ್ಲಿರುವ ಡ್ರೈವರ್. ಆ ಡ್ರೈವರ್ ಸರಿಯಾಗಿ ಇಲ್ಲದಿದ್ದರೆ ಪ್ರಿಂಟರ್ ಬರೀ ಡಬ್ಬಿ.

ಎಲ್ಲಕ್ಕಿಂತ ನೋವಾದದ್ದು ಟೈಪಿಂಗ್ ನೋಡಿ. ಅಕ್ಕ ಕೀಬೋರ್ಡ್ ನೋಡದೆ ಹೊಡೆಯುವವರು. ನುಡಿಯ ಕೆಜಿಪಿ ವಿನ್ಯಾಸ, ಅಂದರೆ ಯಾವ ಕೀಗೆ ಯಾವ ಅಕ್ಷರ ಎಂಬ ಜೋಡಣೆ, ಅವರ ಬೆರಳಲ್ಲೇ ಇದೆ. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ "ಕನ್ನಡ, ಕಗಪ" ಎಂದು ಕಂಡಿತು. ಅದೇ ಇದು ಎಂದುಕೊಂಡು ಹಾಕಿದ್ದೆ. ವಿನ್ಯಾಸ ಹತ್ತಿರದ್ದೇ. ಆದರೆ ಪದದ ಮೊದಲಲ್ಲಿ ಸ್ವರ ಬಂದಾಗ ನುಡಿ ತಾನೇ ತಿಳಿದುಕೊಂಡು "ಆ" ಹಾಕುತ್ತದೆ. ಇದಕ್ಕೆ ಹಾಗೆ ತಿಳಿಯುವುದಿಲ್ಲ, ಬಲಗಡೆಯ ಆಲ್ಟ್ ಕೀ ಒತ್ತಬೇಕು. ಅಕ್ಕ "ಆಧಾರ್" ಎಂದು ಹೊಡೆದರೆ ಮೊದಲ ಅಕ್ಷರದ ಜಾಗದಲ್ಲಿ ಚುಕ್ಕಿಗಳ ಒಂದು ವೃತ್ತ, ಅದರ ಪಕ್ಕ ಒಂಟಿ ದೀರ್ಘ. ಅಳಿಸುತ್ತಾರೆ, ಮತ್ತೆ ಹೊಡೆಯುತ್ತಾರೆ, ಮತ್ತೆ ಅದೇ. ಹದಿನಾಲ್ಕು ವರ್ಷದ ಅಭ್ಯಾಸವಿರುವ ಕೈ ನಡುಗುವುದನ್ನು ಅವತ್ತು ಕಂಡೆ.

ನಾನು ವಾದ ಮಾಡಲಿಲ್ಲ. ಡ್ರಾಯರ್ ತೆಗೆದು ಚೀಟಿ ನೋಡಿ ಹಳೇ ಡಿಸ್ಕ್‌ಗಳನ್ನು ಮರಳಿ ಹಾಕಿದೆ. ಇಪ್ಪತ್ತು ನಿಮಿಷದಲ್ಲಿ ಅಂಗಡಿ ಮೊದಲಿನ ಹಾಗೆ ನಡೆಯಿತು. ಇಡೀ ಪ್ರಕರಣದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆ ಕೆಲಸ ಆ ಡಿಸ್ಕ್‌ಗಳನ್ನು ಮುಟ್ಟದೆ ಇಟ್ಟದ್ದು. ಅದೇ ಡಿಸ್ಕ್ ಅಳಿಸಿ ಲಿನಕ್ಸ್ ಹಾಕಿದ್ದರೆ ಸಂತೆ ದಿನದ ದುಡಿಮೆ ಹೋಗುತ್ತಿತ್ತು. ಅದಕ್ಕಿಂತ ಜಾಸ್ತಿ, ಅವರ ನಂಬಿಕೆ ಹೋಗುತ್ತಿತ್ತು. ಬೇರೆಯವರ ಮಷಿನ್ ಮುಟ್ಟುವವರಿಗೆ ಇಷ್ಟು ಹೇಳುತ್ತೇನೆ: ಹಿಂದಕ್ಕೆ ಹೋಗುವ ದಾರಿ ಇಟ್ಟುಕೊಳ್ಳದೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ.

ನೋಟ್‌ಬುಕ್ಕಿನ ವಾರ

ಆ ರಾತ್ರಿ ಯೋಚಿಸಿದೆ. ನಾನು ಮಷಿನ್ ನೋಡಿದ್ದೆ, ದಿನಾಂಕ ನೋಡಿದ್ದೆ, ಬೆಲೆ ನೋಡಿದ್ದೆ. ಕೆಲಸವನ್ನು ಕೂತು ನೋಡಿರಲಿಲ್ಲ.

ಮರುದಿನ ಭಾವನಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟೆ. ಒಂದು ವಾರ, ಬಂದ ಪ್ರತಿ ಗಿರಾಕಿಯ ಕೆಲಸಕ್ಕೆ ಒಂದು ಸಾಲು. ಯಾವ ಕೆಲಸ, ಯಾವ ಮಷಿನ್, ಯಾವ ಸಾಧನ ಬೇಕಾಯಿತು. ದುಡ್ಡು ಎಷ್ಟು ಅನ್ನುವುದನ್ನೂ ಬರೆಯಿರಿ ಎಂದೆ. ಅವರು ಚಾಚೂ ತಪ್ಪದೆ ಬರೆದರು. ಏಳು ದಿನಕ್ಕೆ 412 ಸಾಲು.

ಆ ಪುಟಗಳನ್ನು ಮೂವರೂ ಕೂತು ಓದಿದಾಗ ಚಿತ್ರವೇ ಬದಲಾಯಿತು. ಬೆರಳಚ್ಚು ಸಾಧನ ಬೇಕಾದ ಕೆಲಸ 38. ಎಲ್ಲವೂ ಒಂದೇ ಮಷಿನ್‌ನಲ್ಲಿ ಆಗಿದ್ದವು. ಪೇಜ್‌ಮೇಕರ್ ಬೇಕಾದದ್ದು 11. ಸಂಖ್ಯೆ ಕಡಿಮೆ, ಆದರೆ ಒಂದೊಂದಕ್ಕೂ ಸಿಗುವ ದುಡ್ಡು ಜಾಸ್ತಿ. ಉಳಿದದ್ದೆಲ್ಲಾ ಬ್ರೌಸರ್‌ನಲ್ಲಿ ಅರ್ಜಿ ತುಂಬುವುದು, ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಪ್ರಿಂಟ್ ತೆಗೆಯುವುದು, ಸ್ಕ್ಯಾನ್, ಪಾಸ್‌ಪೋರ್ಟ್ ಅಳತೆಯ ಫೋಟೋ, ಮತ್ತು ಕನ್ನಡ ಟೈಪಿಂಗ್.

ಅಂದರೆ ವಿಂಡೋಸ್ ಇಲ್ಲದೆ ಆಗುವುದೇ ಇಲ್ಲ ಎನ್ನುವ ಆನ್‌ಲೈನ್ ಕೆಲಸಕ್ಕೆ ಒಂದೇ ಮಷಿನ್ ಸಾಕು. ಕೊಟೇಶನ್ ಬರೆದವರು ಮೂರು ಹೊಸದು ಎಂದಿದ್ದರು. ನಾನು ಮೂರರಲ್ಲಿ ಎರಡಕ್ಕೆ ಲಿನಕ್ಸ್ ಹಾಕಿದ್ದೆ. ಇಬ್ಬರದೂ ಒಂದೇ ತಪ್ಪು. ಅಂಗಡಿಗೆಲ್ಲಾ ಸೇರಿ ಒಂದು ಉತ್ತರ ಹುಡುಕಿದ್ದೆವು. ನಿಜವಾಗಿ ಪ್ರತಿ ಕುರ್ಚಿಗೂ ಬೇರೆ ಉತ್ತರ ಇತ್ತು.

ಕೌಂಟರ್‌ಗೆ ಸೆಕೆಂಡ್‌ಹ್ಯಾಂಡ್

ಕೌಂಟರ್ ಮಷಿನ್‌ಗೆ ಅಸಲಿ ವಿಂಡೋಸ್ 11 ಬೇಕು. ಹೊಸದೇ ಯಾಕೆ? ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಡುವ ಆಫೀಸ್ ಡೆಸ್ಕ್‌ಟಾಪ್‌ಗಳು ಬೆಂಗಳೂರಿನ ಎಸ್‌.ಪಿ. ರೋಡ್ ಸುತ್ತಮುತ್ತ ರಾಶಿ ಇರುತ್ತವೆ. ಅವುಗಳಲ್ಲಿ ಕಂಪನಿ ಹಾಕಿಕೊಟ್ಟ ವಿಂಡೋಸ್ ಲೈಸೆನ್ಸ್ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ವಿಂಡೋಸ್ 10 ಪ್ರೋ ಇದ್ದರೆ 11 ಪ್ರೋಗೆ ಹೋಗಲು ಬೇರೆ ದುಡ್ಡು ಬೇಡ. ಅಂಗಡಿಯಲ್ಲಿ ವಿಂಡೋಸ್ ಬಿಡಿಯಾಗಿ ಕೊಂಡರೆ ಆಗ ಅದಕ್ಕೇ ಸುಮಾರು ಹತ್ತು ಸಾವಿರ ಹೋಗುತ್ತಿತ್ತು, ಅದನ್ನು ಲೆಕ್ಕದಲ್ಲಿ ಹಿಡಿಯಬೇಕು.

ಇಲ್ಲಿ ಒಂದು ಜಾಗದಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಅಂಗಡಿಯವರು "ಐ5 ಸಾರ್, ಸೂಪರ್" ಅನ್ನುತ್ತಾರೆ. ಬರೀ ಐ5 ಅಂದರೆ ಏನೂ ಹೇಳಿದ ಹಾಗಲ್ಲ. ನಂತರದ ನಾಲ್ಕು ಅಂಕಿ ಕೇಳಬೇಕು. ಐ5-4570 ಅಂದರೆ ನಾಲ್ಕನೇ ಪೀಳಿಗೆ, ವಿಂಡೋಸ್ 11 ಪಟ್ಟಿಯಲ್ಲಿ ಇಲ್ಲ. ಐ5-8500 ಅಂದರೆ ಎಂಟನೆಯದು, ಆರು ಕೋರ್, ಪಟ್ಟಿಯಲ್ಲಿ ಇದೆ. ಹೊರಗಿನಿಂದ ಎರಡೂ ಒಂದೇ ಕಪ್ಪು ಡಬ್ಬಿ. ನಾನು ನೋಡಿದ ಒಂದು ಕಡೆ ಎರಡಕ್ಕೂ ಬೆಲೆಯಲ್ಲಿದ್ದ ವ್ಯತ್ಯಾಸ ಮೂರು ಸಾವಿರ ಮಾತ್ರ. ಆ ಮೂರು ಸಾವಿರ ಉಳಿಸಲು ಹೋದವರು ಪೂರ್ತಿ ದುಡ್ಡು ಕಳೆದುಕೊಳ್ಳುತ್ತಾರೆ.

ನಾವು ತಗೊಂಡದ್ದು ಐ5-8500, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, 15,500 ರೂಪಾಯಿ. ದುಡ್ಡು ಕೊಡುವ ಮೊದಲು ಅಲ್ಲೇ ಆನ್ ಮಾಡಿಸಿ ಮೂರು ನೋಡಿದೆ. ವಿಂಡೋಸ್ ತಾನಾಗಿ ಆ್ಯಕ್ಟಿವೇಟ್ ಆಗಿದೆಯಾ, ಟಿಪಿಎಂ 2.0 ಕಾಣುತ್ತಿದೆಯಾ, ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ. ಆಮೇಲೆ ಒಂದು ವರ್ಷದ ವಾರಂಟಿ, ಜಿಎಸ್‌ಟಿ ಬಿಲ್ ಸಮೇತ. ಬಿಲ್ ಬೇಡ ಅಂದರೆ ಕಡಿಮೆ ಮಾಡುತ್ತೇವೆ ಎಂದರು. ಭಾವ ಒಪ್ಪಲಿಲ್ಲ. ಆ ನಿರ್ಧಾರ ಅವರನ್ನು ಉಳಿಸಿತು, ಅದು ಮುಂದೆ ಬರುತ್ತದೆ.

ಬೆರಳಚ್ಚು ಸಾಧನ, ಸಣ್ಣ ಲೇಸರ್ ಪ್ರಿಂಟರ್ ಎರಡೂ ಈ ಮಷಿನ್‌ಗೆ ಹೋದವು. ಆಂಟಿವೈರಸ್ ಆನ್ ಆಯಿತು.

ಅಕ್ಕನ ಕುರ್ಚಿ

ಟೈಪಿಂಗ್ ಮಷಿನ್‌ಗೆ ಲಿನಕ್ಸ್ ಹಾಕುವುದು ಅಕ್ಕನ ಮೇಲೆಯೇ ಬಿಟ್ಟೆ. ಅವರು ಬೇಡ ಎಂದಿದ್ದರೆ ಅದಕ್ಕೂ ಇನ್ನೊಂದು ಸೆಕೆಂಡ್‌ಹ್ಯಾಂಡ್ ತರುವುದು. ಅವರು ಹೇಳಿದ್ದು ಹೀಗೆ: "ನನ್ನ ಕೀ ನನಗೆ ಬೇಕು. ಅದಿದ್ದರೆ ಯಾವ ವಿಂಡೋಸ್ ಆದರೇನು."

ಅವರ ಕೀ ಲಿನಕ್ಸ್‌ನಲ್ಲಿ ಇತ್ತು, ನಾನು ಮೊದಲ ಸಲ ಅಲ್ಲಿಯವರೆಗೆ ಹೋಗಿರಲಿಲ್ಲ. ಐಬಸ್ ಎಂಬ ಟೈಪಿಂಗ್ ವ್ಯವಸ್ಥೆ, ಅದರ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಬೇರೆಯಾಗಿ ಬರುತ್ತದೆ. ಇದು ನುಡಿಯ ಹಾಗೇ ನಡೆದುಕೊಳ್ಳುತ್ತದೆ. ಪದದ ಮೊದಲಲ್ಲಿ "ಆ", ವ್ಯಂಜನದ ನಂತರ ದೀರ್ಘ, ತಾನಾಗಿಯೇ. ಅಕ್ಕ ಕೂತು "ಆಧಾರ್" ಹೊಡೆದರು. ಸರಿ ಬಂತು. "ಅರ್ಜಿದಾರರ ಸಹಿ" ಹೊಡೆದರು. ಸರಿ ಬಂತು. ಆಮೇಲೆ ಏನೂ ಹೇಳದೆ ಒಂದು ವಂಶವೃಕ್ಷದ ಅಫಿಡವಿಟ್ ಪೂರ್ತಿ ಹೊಡೆದರು.

ದೊಡ್ಡ ತಿರುವು ಆಮೇಲೆ ಬಂತು. ಹಳೇ ಫೈಲ್‌ಗಳು. ಹದಿನಾಲ್ಕು ವರ್ಷದ ಅಫಿಡವಿಟ್, ಬಾಡಿಗೆ ಕರಾರು, ಕ್ರಯದ ಒಪ್ಪಂದ, ತಹಶೀಲ್ದಾರರಿಗೆ ಅರ್ಜಿ. ಸುಮಾರು ಒಂಬತ್ತು ಸಾವಿರ ಫೈಲ್. ಎಲ್ಲವೂ ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೆ ಸ್ವಂತ ಸಂಕೇತ ಕೊಡುವ ಈಗಿನ ಪದ್ಧತಿ) ಮೊದಲಿನ ಆಸ್ಕಿ ನುಡಿಯಲ್ಲಿ. ಆ ಕಾಲದ ಉಪಾಯ ಏನೆಂದರೆ, ಕಂಪ್ಯೂಟರ್ ಮಟ್ಟಿಗೆ ಅಲ್ಲಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಫಾಂಟ್ ಅವುಗಳ ಮೇಲೆ ಕನ್ನಡದ ಚಿತ್ರ ಹೊದಿಸುತ್ತದೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಮಿಂಟ್‌ನಲ್ಲಿ ಆ ಫಾಂಟ್ ಹಾಕಿದರೆ ಓದಲು ಬರುತ್ತದೆ. ತಿದ್ದಲು ಹೋದರೆ ಮಾತ್ರ ಹೊಸ ಕೀಬೋರ್ಡ್ ಯೂನಿಕೋಡ್ ಹಾಕುತ್ತದೆ, ಹಳೇ ಸಾಲು ಆಸ್ಕಿ. ಎರಡೂ ಒಂದೇ ವಾಕ್ಯದಲ್ಲಿ ಬೆರೆಯುವುದಿಲ್ಲ.

ಮೊದಲ ಯೋಚನೆ ಒಂಬತ್ತು ಸಾವಿರವನ್ನೂ ಪರಿವರ್ತಿಸುವುದು. ಎರಡು ದಿನ ಅದರಲ್ಲೇ ಹೋಯಿತು. ಆಮೇಲೆ ಅಕ್ಕನೇ ಕೇಳಿದರು, "ಇಷ್ಟೆಲ್ಲಾ ಯಾಕೆ? ನಾನು ದಿನಾ ತೆಗೆಯೋದು ನಲವತ್ತು ಫೈಲ್ ಅಲ್ವಾ." ಹೌದು. ಪ್ರತಿಯೊಂದು ಕೆಲಸವೂ ಹಳೆಯದೊಂದನ್ನು ತೆರೆದು ಹೆಸರು, ಸರ್ವೆ ನಂಬರ್ ಬದಲಿಸಿ ಮಾಡುವುದು. ಮಾದರಿಗಳು 43 ಸಿಕ್ಕವು. ಅವಷ್ಟನ್ನು ಮಾತ್ರ ಯೂನಿಕೋಡ್‌ಗೆ ಬದಲಿಸಿದೆವು. ಉಳಿದವನ್ನು ಬರೀ ಕಾಪಿ ಮಾಡಿ ಇಟ್ಟೆವು.

ಪರಿವರ್ತಕ ಬಳಸಿದರೂ ಒಂದೊಂದನ್ನೂ ಅಕ್ಕ ಓದಿದರು. ಓದದಿದ್ದರೆ ಕೆಟ್ಟಿತ್ತು. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ಕೆಲವು ಕಡೆ ಅದು ಜಾಗ ತಪ್ಪಿ, "ಕಾರ್ಯ"ದ ಅರ್ಕಾವತ್ತು ಪಕ್ಕದ ಪದಕ್ಕೆ ಹೋಗಿ ಕೂತಿತ್ತು. ನಡುವೆ ಇದ್ದ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸಗಳನ್ನೂ ಅದು ಕನ್ನಡ ಎಂದು ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿತ್ತು. ಕ್ರಯದ ಒಪ್ಪಂದದಲ್ಲಿ ಒಂದು ಅಕ್ಷರ ಪಲ್ಲಟವಾದರೆ ಏನಾಗುತ್ತದೆ ಅಂತ ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತು.

ಇ-ಸ್ಟ್ಯಾಂಪ್ ಕಾಗದದ್ದು ಇನ್ನೊಂದು ತೊಡಕು. ಅದರ ಮೇಲ್ಭಾಗದಲ್ಲಿ ಸ್ಟ್ಯಾಂಪಿನ ವಿವರ ಅಚ್ಚಾಗಿರುತ್ತದೆ, ಬರಹ ಕೆಳಗಿನಿಂದ ಶುರುವಾಗಬೇಕು. ಹೊಸ ಫಾಂಟ್‌ನ ಸಾಲು ಹಳೆಯದಕ್ಕಿಂತ ಎತ್ತರ. ಒಂದು ಪುಟದ ಕರಾರು ಎರಡನೇ ಪುಟಕ್ಕೆ ನಾಲ್ಕು ಸಾಲು ಉಕ್ಕಿತು. ಗುಬ್ಬಿ, ನವಿಲು, ನೋಟೋ ಎಂಬ ಮೂರು ಫಾಂಟ್‌ಗಳನ್ನೂ ಹಾಕಿ ನೋಡಿದೆವು. ಅಕ್ಕ ಹಳೇ ಪ್ರಿಂಟ್ ಒಂದನ್ನು ಎದುರಿಗಿಟ್ಟು, ಸ್ಕೇಲ್ ಹಿಡಿದು ಅಂಚು ಅಳೆದು, ಲಿಬ್ರೆ ಆಫೀಸ್ ಎಂಬ ಟೈಪಿಂಗ್ ತಂತ್ರಾಂಶದಲ್ಲಿ ಸಾಲಿನ ಅಂತರ ತಾವೇ ಹೊಂದಿಸಿದರು. ಆ ಮಾದರಿಯನ್ನು ಟೆಂಪ್ಲೇಟ್ ಮಾಡಿ ಇಟ್ಟೆ. ಈಗ ದಿನಾ ಅದೇ ನಡೆಯುತ್ತಿದೆ.

ಪ್ರಿಂಟ್‌ಗೆ ಇನ್ನೊಂದು ದಾರಿ ಸಿಕ್ಕಿತು, ಅದು ಅಂಗಡಿಯಲ್ಲೇ ಇತ್ತು. ದೊಡ್ಡ ಡಿಜಿಟಲ್ ಜೆರಾಕ್ಸ್ ಮಷಿನ್‌ನ ಹಿಂದೆ ನೆಟ್‌ವರ್ಕ್ ಪೋರ್ಟ್. ಧೂಳು ತುಂಬಿ, ಮುಚ್ಚಿದ ರಬ್ಬರ್ ಕೂಡ ತೆಗೆದಿರಲಿಲ್ಲ. ಅದಕ್ಕೆ ಪುಟವನ್ನು ತಾನೇ ಓದಿ ಅಚ್ಚು ಹಾಕುವ ಶಕ್ತಿ ಇತ್ತು. ಒಂದು ಸ್ವಿಚ್, ಕೇಬಲ್ ಎಳೆದಮೇಲೆ ಲಿನಕ್ಸ್ ಅದನ್ನು ತಾನೇ ಹುಡುಕಿಕೊಂಡಿತು. ಸಣ್ಣ ಲೇಸರ್‌ಗಿಂತ ಪುಟಕ್ಕೆ ಬೀಳುವ ಖರ್ಚೂ ಕಡಿಮೆ. ಹೊಸದು ಕೊಳ್ಳುವ ಮೊದಲು ಇರುವ ಸಾಮಾನಿನ ಹಿಂಭಾಗ ಒಮ್ಮೆ ನೋಡಬೇಕು, ನಿಜವಾಗಿಯೂ.

ಪೇಜ್‌ಮೇಕರ್ ಮಷಿನ್

ಇದನ್ನು ಮುಟ್ಟಲಿಲ್ಲ. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ಅದು ಇಂಟರ್ನೆಟ್‌ನಲ್ಲಿ ಇರುವುದೇ ಅಪಾಯ. ಹಾಗಾಗಿ ಇಂಟರ್ನೆಟ್ ವೈರ್ ಕಿತ್ತೆವು. ಕಾರ್ಡ್ ವಿನ್ಯಾಸ ಮಾಡಿ, ಪಿಡಿಎಫ್ ಮಾಡಿ, ಅದಕ್ಕೆಂದೇ ಇಟ್ಟ ಒಂದು ಪೆನ್‌ಡ್ರೈವ್‌ನಲ್ಲಿ ಆಚೆ ತರುವುದು. ಭಾವನಿಗೆ ಸ್ವಲ್ಪ ಬೇಜಾರು, ಆದರೆ ಒಪ್ಪಿದರು. ಮಷಿನ್ ಸತ್ತರೆ ಏನು ಗತಿ ಎಂದು ಅದರ ಡಿಸ್ಕ್‌ನ ಪೂರ್ತಿ ನಕಲು ತೆಗೆದು 1 ಟಿಬಿ ಹೊರಗಿನ ಡಿಸ್ಕ್‌ನಲ್ಲಿ ಇಟ್ಟೆ. ಅಕ್ಕನ ಒಂಬತ್ತು ಸಾವಿರ ಫೈಲೂ ಅದರಲ್ಲೇ ಇದೆ. ಇಷ್ಟು ವರ್ಷ ಈ ಅಂಗಡಿಗೆ ಒಂದೂ ಬ್ಯಾಕಪ್ ಇರಲಿಲ್ಲ.

ಕೌಂಟರ್‌ನಿಂದ ತೆಗೆದ ಹಳೇ ಐ3 ಮಷಿನ್‌ಗೂ ಮಿಂಟ್ ಹಾಕಿ ಮೂಲೆಗಿಟ್ಟೆವು. ಅಡ್ಮಿಶನ್ ಕಾಲದಲ್ಲಿ ಅರ್ಜಿ ತುಂಬಲು ಒಬ್ಬ ಹುಡುಗಿ ಬರುತ್ತಾಳೆ, ಅವಳಿಗೆ ಅದು. ಹೀಗೆ ಮೂರು ಇದ್ದದ್ದು ನಾಲ್ಕಾಯಿತು.

ಲೆಕ್ಕ

ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ 15,500. ಎರಡು ಎಸ್‌ಎಸ್‌ಡಿ 3,400. ಎರಡು 4 ಜಿಬಿ ರ‍್ಯಾಮ್ 1,200. ಸ್ವಿಚ್ ಮತ್ತು ಕೇಬಲ್ 900. ಎರಡು ಯುಪಿಎಸ್ ಬ್ಯಾಟರಿ 2,200. ಹೊರಗಿನ ಡಿಸ್ಕ್ 4,800. ಒಟ್ಟು 28,000 ರೂಪಾಯಿ. ಮಾನಿಟರ್, ಕೀಬೋರ್ಡ್ ಹಳೆಯವೇ. ಇದು 2025ರ ಸೆಪ್ಟೆಂಬರ್‌ನ ಬೆಲೆ. ವರ್ಷದ ಕೊನೆಗೆ ಮೆಮೊರಿ ಬೆಲೆ ಜೋರಾಗಿ ಏರಿತು, ಈಗ ಮಾಡುವವರು ರ‍್ಯಾಮ್, ಎಸ್‌ಎಸ್‌ಡಿ ಬೆಲೆ ಹೊಸದಾಗಿ ಕೇಳಿಕೊಳ್ಳಬೇಕು.

ದುಡ್ಡಲ್ಲದ ಖರ್ಚೂ ಇತ್ತು. ಒಂದು ಸಂತೆ ಬೆಳಿಗ್ಗೆ ಹಾಳು, ಅಕ್ಕನ ಸುಮಾರು ಹತ್ತು ಸಂಜೆ ಮಾದರಿ ಓದುವುದರಲ್ಲಿ ಹೋಯಿತು. ಲಿನಕ್ಸ್ ಪುಕ್ಕಟೆ ಎನ್ನುವವರು ಈ ಸಂಜೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು. ಹತ್ತಿರದಲ್ಲಿ ಕೇಳಲು ಒಬ್ಬರಿಲ್ಲದ ಊರಾಗಿದ್ದರೆ ಅಕ್ಕನ ಕುರ್ಚಿಗೂ ಸೆಕೆಂಡ್‌ಹ್ಯಾಂಡ್ ವಿಂಡೋಸ್ ಮಷಿನ್ ತಗೊಳ್ಳಿ ಎಂದೇ ಹೇಳುತ್ತಿದ್ದೆ. ಆಗಲೂ ಖರ್ಚು ಐವತ್ತು ಸಾವಿರ ದಾಟುತ್ತಿರಲಿಲ್ಲ.

ಜನವರಿಯ ಪರೀಕ್ಷೆ

ನಾಲ್ಕು ತಿಂಗಳು ಎಲ್ಲಾ ಸರಿ ನಡೆಯಿತು. ಜನವರಿಯಲ್ಲಿ ಒಂದು ಬೆಳಿಗ್ಗೆ ಕೌಂಟರ್ ಮಷಿನ್ ಆನ್ ಆಗಲಿಲ್ಲ. ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ, ಎಸ್‌ಎಂಪಿಎಸ್, ಸತ್ತಿತ್ತು. ಅಸೆಂಬಲ್ ಮಷಿನ್ ಆಗಿದ್ದರೆ ಊರಲ್ಲೇ ಒಂದು ತಂದು ಹಾಕಬಹುದಿತ್ತು. ಆಫೀಸ್ ಡೆಸ್ಕ್‌ಟಾಪ್‌ಗಳ ಎಸ್‌ಎಂಪಿಎಸ್ ಅಳತೆಯೇ ಬೇರೆ, ಪ್ಲಗ್ಗೂ ಬೇರೆ. ಸಾಮಾನ್ಯದ್ದು ಕೂರುವುದಿಲ್ಲ. ಸೆಕೆಂಡ್‌ಹ್ಯಾಂಡ್ ತಗೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು. ನಾನು ತಿಳಿದಿದ್ದೆ, ಭಾವನಿಗೆ ಹೇಳಿರಲಿಲ್ಲ. ಹೇಳಬೇಕಿತ್ತು.

ಬಿಲ್ ಇತ್ತು, ವಾರಂಟಿ ಇತ್ತು. ಬೆಂಗಳೂರಿನಿಂದ ಬದಲಿ ಬರಲು ಐದು ದಿನ ಆಯಿತು, ದುಡ್ಡು ಕೇಳಲಿಲ್ಲ. ಆ ಐದು ದಿನ ಬೆರಳಚ್ಚು ಸಾಧನವನ್ನು ಓಟಿಜಿ ಕೇಬಲ್‌ನಲ್ಲಿ ಭಾವನ ಆಂಡ್ರಾಯ್ಡ್ ಫೋನಿಗೆ ಹಾಕಿ ಆದಷ್ಟು ಕೆಲಸ ಮಾಡಿದರು. ಅರ್ಜಿ ತುಂಬುವುದೆಲ್ಲಾ ಮೂಲೆಯ ಮಿಂಟ್ ಮಷಿನ್‌ಗೆ ಹೋಯಿತು. ಅಂಗಡಿ ಒಂದು ಗಂಟೆಯೂ ಮುಚ್ಚಲಿಲ್ಲ. ನಾನು ಹೋದದ್ದು ಎಸ್‌ಎಂಪಿಎಸ್ ಬಂದಮೇಲೆ, ಕೂರಿಸಲು ಮಾತ್ರ.

ಅವತ್ತು ನೋಡಿದೆ, ಅಕ್ಕ ಪ್ರತಿ ಡಬ್ಬಿಯ ಪಕ್ಕಕ್ಕೂ ಬಿಳಿ ಟೇಪ್ ಅಂಟಿಸಿ ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದಾರೆ. ಕೌಂಟರ್‌ದಕ್ಕೆ "ಬೆರಳು ಇದರಲ್ಲಿ ಮಾತ್ರ, ವಾರಂಟಿ ಸೆಪ್ಟೆಂಬರ್ 2026". ತಮ್ಮದಕ್ಕೆ ಮತ್ತು ಮೂಲೆಯದಕ್ಕೆ "ಏಪ್ರಿಲ್ 2029ರವರೆಗೆ". ಪೇಜ್‌ಮೇಕರ್ ಮಷಿನ್‌ಗೆ "ನೆಟ್ ವೈರ್ ಹಾಕಬೇಡಿ". ಆ ನೋಟ್‌ಬುಕ್ ಇನ್ನೂ ಕೌಂಟರ್ ಮೇಲೇ ಇದೆ. ವಾರ ಮುಗಿದರೂ ಭಾವ ಬರೆಯುವುದನ್ನು ನಿಲ್ಲಿಸಿಲ್ಲ.